ಕಡೆಯ ಆರು ಚಿತ್ರ

ಧಾರವಾಡದಿಂದ ಗದಗಿನವರೆಗೆ ಒಂದು ಲಕ್ಷ ಮದುವೆ ಮಾಡಿಸಿದವಳು ನಾನು. ನಾನು ಕಣ್ಣು ಮಿಟುಕಿಸಿದ ಮೇಲೆಯೇ ತಾಳಿ ಕೊರಳಿಗೆ ಬೀಳುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು, ಒಪ್ಪುತ್ತೇನೆ. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ.

ನಾನು ಒಂದು ರೀಲಿನ ಕ್ಯಾಮೆರಾ. ಎಲ್ಲಿ ಹುಟ್ಟಿದೆನೆಂದು ನನ್ನ ಹೊಟ್ಟೆಯಡಿ ಬರೆದಿದೆಯಂತೆ. ನನಗೆ ಓದಲು ಬಾರದು. ಪೆಟ್ಟಿಗೆಯಿಂದ ಹೊರಬಂದಾಗ ಮೊದಲು ಕಂಡದ್ದು ಗದಗಿನ ಅಡಿವೆಪ್ಪನ ಮೀಸೆ. ಅದರ ಮೇಲೆ ಎರಡು ಗುಬ್ಬಿ ಕೂತು ಸಂಸಾರ ಮಾಡಬಹುದಿತ್ತು. ಅಡಿವೆಪ್ಪ ಸ್ಟುಡಿಯೋ ಇಟ್ಟವನು. ರೀಲಿನಲ್ಲಿ ಒಂದೆರಡು ಚಿತ್ರ ಉಳಿದರೆ ಹಾಳು ಮಾಡುತ್ತಿರಲಿಲ್ಲ. ಬಾಗಿಲ ಮುಂದಿನ ದಾಸವಾಳದ ಗಿಡವನ್ನು ತೆಗೆದು, ರೀಲು ಮುಗಿಸಿ, ಆಮೇಲೆ ತೊಳೆಯಲು ಕೊಡುತ್ತಿದ್ದ. ಗದಗಿನ ಎಷ್ಟೋ ಮದುಮಕ್ಕಳ ರೀಲಿನ ಕೊನೆಗೆ ಆ ದಾಸವಾಳ ನಿಂತಿದೆ.

ಊರವರನ್ನೆಲ್ಲ ತೆಗೆದವನನ್ನು ತೆಗೆಯುವವರು ಯಾರೂ ಇರಲಿಲ್ಲ. ಓಟಿನ ಕಾರ್ಡಿನಲ್ಲಿ ಒಂದಿತ್ತು, ಕೋಳಿ ಕದ್ದು ಸಿಕ್ಕವನ ಹಾಗೆ. ಒಂದು ಮುಂಜಾನೆ ಅವನ ಹೆಂಡತಿ ನಿಂಬೆವ್ವ ಹಟ ಹಿಡಿದು ನನ್ನನ್ನು ಕಸಿದುಕೊಂಡಳು. ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ನನ್ನ ಗುಂಡಿ ಒತ್ತಿದಳು. ಆ ವಾರವೇ ಅಡಿವೆಪ್ಪ ತೀರಿಕೊಂಡ. ನನ್ನೊಳಗಿನ ರೀಲಿನಲ್ಲಿ ಇನ್ನೂ ಆರು ಚಿತ್ರ ಬಾಕಿ ಇದ್ದವು.

ನಾಲ್ಕು ವರ್ಷ ನಿಂಬೆವ್ವ ಅದನ್ನು ತೊಳೆಸಲಿಲ್ಲ. ತೊಳೆಸುವವರೆಗೆ ಗಂಡ ಒಳಗೆ ಚೆನ್ನಾಗಿಯೇ ನಿಂತಿದ್ದಾನೆ ಎಂದುಕೊಳ್ಳಬಹುದು. ತೊಳೆಸಿದ ಮೇಲೆ ಏನೂ ಬಂದಿಲ್ಲ ಅಂದರೆ?

ಆದರೆ ರೀಲು ತೊಳೆಯುವ ಹನೀಫಸಾಬ ಹೇಳಿ ಕಳಿಸಿದ. ಸೋಮವಾರವೇ ಕೊನೆ, ಆಮೇಲೆ ಅವನ ಡಾರ್ಕ್ ರೂಮು ಮುಚ್ಚುತ್ತದೆ. ಊರಿನಲ್ಲಿ ಈ ಕೆಲಸ ಬಲ್ಲವರು ಬೇರೆ ಇಲ್ಲ. ಅದರ ಹಿಂದಿನ ದಿನ, ಭಾನುವಾರ, ಮಗಳು ಮಹಾದೇವಿ ಅವ್ವನನ್ನು ಥೀಮ್ ಪಾರ್ಕಿಗೆ ಎಳೆದುಕೊಂಡು ಹೋದಳು. ನಾನು ನಿಂಬೆವ್ವನ ಕೊರಳಲ್ಲಿ ನೇತಾಡುತ್ತ ಹೋದೆ.

ಅಲ್ಲಿ ಜನ ಸಾಲು ನಿಂತು ತಲೆಕೆಳಗಾಗುತ್ತಿದ್ದರು. ಅವರ ಕೂಗು ಕೇಳಿ ನನ್ನ ಗಾಜು ಒಡೆಯಿತೆಂದೇ ತಿಳಿದೆ. ಮಹಾದೇವಿ ನೀರುಗುಳುವ ಆನೆಯ ಮುಂದೆ ನಿಂತು ಕರೆದಳು. “ಅವ್ವಾ, ನಮ್ಮದ ಆರು ತೆಗಿ, ರೀಲ್ ಮುಗೀತೈತಿ.”

“ಕಡೀ ಚಿತ್ರ ಗಿಡಕ್ಕ. ನಿಮ್ಮಪ್ಪನ ರೀಲು ಇದು,” ಎಂದಳು ನಿಂಬೆವ್ವ. “ನಿನ್ನ ಮೊಬೈಲಿಗೇನು ಕಣ್ಣು ಹೋಗ್ಯಾವೇನು?”

ಹಾಗೆ ನಾವಿಬ್ಬರು ಮುದುಕಿಯರು ಗಿಡ ಹುಡುಕುತ್ತ ಹೊರಟೆವು. ಜಾರುಬಂಡೆಯ ಕೆಳಗೆ ನೀರು ಸಿಡಿಸಿಕೊಂಡು ನಿಂತ ಕಾಬಾಳೆ ಒಂದು. ಕೊಳದ ತಾವರೆ ಒಂದು. ಎಲೆಯ ತುಂಬ ಪ್ರೇಮಿಗಳು ಹೆಸರು ಕೆತ್ತಿದ ಕತ್ತಾಳೆ ಒಂದು; ಅದರ ಮೈ ಸವರಿ ನಿಂಬೆವ್ವ, ಇವರು ಬಿಟ್ಟು ಹೋದ ಮೇಲೂ ನೀನೇ ಹೊತ್ತುಕೊಂಡು ನಿಲ್ಲಬೇಕಲ್ಲ ಎಂದು ಮರುಗಿದಳು. ಕತ್ತರಿಸಿ ಕತ್ತರಿಸಿ ಗೇಣುದ್ದ ಮಾಡಿ ಕುಂಡದಲ್ಲಿ ಕೂಡಿಸಿದ ಆಲದ ಮರ ಒಂದು. ಅದನ್ನು ನೋಡಿ ತನ್ನ ಮದುವೆಯ ಮೊದಲ ವರ್ಷ ನೆನಪಾಯಿತಂತೆ.

ಐದನೆಯದು ಹೋಟೆಲಿನ ಮುಂದಿನ ಗಿಡ. ಒಂದು ಎಲೆಯಲ್ಲೂ ಹುಳ ತಿಂದ ತೂತಿಲ್ಲ. ಬೆಳಕು ಸರಿಯಾಗಲಿ ಎಂದು ನಿಂಬೆವ್ವ ಅರ್ಧ ತಾಸು ಕಾದಳು. ಟಕ್ಕೆಂದು ಒತ್ತಿದ್ದೇ ತಡ, ಕಸ ಗುಡಿಸುವ ಹೆಂಗಸು ಮೆಲ್ಲಗೆ ಹೇಳಿದಳು. “ಅಜ್ಜಿ, ಅದು ಪ್ಲಾಸ್ಟಿಕ್ಕಿಂದು. ನಾ ದಿನಾ ಅರಿವಿಲೆ ಒರಸತೀನಿ.”

“ನನಗೂ ಸಂಶೇ ಬಂದಿತ್ತವಾ. ಜೀವ ಇದ್ದದ್ದು ಇಷ್ಟು ಚಂದ ಇರತೈತೇನು?”

ಸಂಜೆಯಾಯಿತು. ಒಂದೇ ಉಳಿದಿತ್ತು. ಹೊರಬಾಗಿಲ ಗೋಡೆಯ ಬಿರುಕಿನಲ್ಲಿ, ಯಾರೂ ನೆಡದೆ, ಯಾರೂ ನೀರು ಹಾಕದೆ ಒಂದು ತುಂಬೆ ಗಿಡ ಬಿಳಿ ಹೂ ಬಿಟ್ಟಿತ್ತು. ನಿಂಬೆವ್ವ ನನ್ನನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬೆರಳು ನನ್ನ ನೆತ್ತಿಯ ಮೇಲೇ ಇತ್ತು. ಇದನ್ನು ಒತ್ತಿದರೆ ನಾಳೆ ತೊಳೆಸಲೇಬೇಕು.

ಮಹಾದೇವಿ ಚೀಲ ಕೆಳಗಿಟ್ಟಳು. ಕೊನೆಗೆ ಅಂದಳು. “ಬಂದಿಲ್ಲಂದ್ರ ಬಂದಿಲ್ಲ ಬಿಡಬೇ. ತೆಗದಾಕಿ ನೀನ ಅಲ್ಲ? ಅಪ್ಪಗ ಗೊತ್ತೈತಿ.”

ನಿಂಬೆವ್ವನಿಗೆ ನಗು ಬಂತು. ನಗುತ್ತಲೇ ಒತ್ತಿಬಿಟ್ಟಳು.

ಮರುದಿನ ಹನೀಫಸಾಬ ಒದ್ದೆ ಚಿತ್ರ ಹಿಡಿದು ಹೊರಬಂದ. ಮುಖ ತಗ್ಗಿಸಿ, “ವೈನಿ, ತಲಿ ಬಂದಿಲ್ಲ,” ಎಂದ.

ನಿಜ. ಅಡಿವೆಪ್ಪ ಮೀಸೆಯಿಂದ ಕೆಳಗೆ ಮಾತ್ರ ಇದ್ದ. ಆದರೆ ಬಲಗೈ ಮುಂದೆ ಚಾಚಿ, ಬೆರಳು ಮೇಲಕ್ಕೆ ತೋರಿಸುತ್ತಿದ್ದ. ನಿಂಬೆವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಒದ್ದೆಯಾಗುವಷ್ಟು ನಕ್ಕಳು.

“ಮ್ಯಾಲ ಎತ್ತು, ಮ್ಯಾಲ ಎತ್ತು ಅನ್ನಾಕತ್ತಾರ. ನಾ ಯಾವತ್ತರ ಇವರ ಮಾತು ಕೇಳೀನೇನು, ಹನೀಫಣ್ಣ?”

ಈಗ ನಾನು ಗೂಡಿನಲ್ಲಿ ಕೂತಿದ್ದೇನೆ. ಕಣ್ಣೊಳಗೆ ಬೂಷ್ಟು ಹಿಡಿದಿದೆ. ಲಕ್ಷ ಮದುಮಕ್ಕಳನ್ನು ಚೊಕ್ಕಟವಾಗಿ ತೆಗೆದೆ. ಯಾರ ಮನೆಯಲ್ಲಿ ಯಾರು ನೋಡುತ್ತಾರೋ. ಈ ತಲೆಯಿಲ್ಲದ ಒಂದನ್ನು ಮಾತ್ರ ದಿನಾ ನೋಡುತ್ತಾರೆ. ಗೋಡೆಯ ಮೇಲೆ ಅದು, ಪಕ್ಕದಲ್ಲಿ ತುಂಬೆ ಗಿಡ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಪ್ಲಾಸ್ಟಿಕ್ ಗಿಡವೇ. ಅದನ್ನು ನಿಂಬೆವ್ವ ಹಾಕಿಲ್ಲ.

ಮನೆಗೆ ಬಂದವರನ್ನು ಅವಳು ಆ ಚಿತ್ರದ ಕೆಳಗೇ ಕೂಡಿಸುತ್ತಾಳೆ. ಚಹಾ ಕೊಟ್ಟು, ಕಣ್ಣು ಕಿರಿದು ಮಾಡಿ ಕೇಳುತ್ತಾಳೆ.

“ಮೀಸಿ ಮಟಾ ನಾ ತೋರಿಸೀನಿ. ಉಳದದ್ದು ಹೆಂಗಿತ್ತು, ನೀವ ಹೇಳ್ರಿ ನೋಡೂಣು.”