ಬಾಗಿಲು ಎಂಬ ಪದ

ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಬರುವಷ್ಟರಲ್ಲಿ ಟೀಚರಿಗೆ ದನಿಯೇ ಉಳಿದಿರುತ್ತಿರಲಿಲ್ಲ. ಜೊತೆಯವಳು ಹೆರಿಗೆ ರಜೆಯಲ್ಲಿದ್ದುದರಿಂದ ಐದನೇ ತರಗತಿಯ ಎರಡೂ ವಿಭಾಗಗಳು ಇವಳ ತಲೆಗೇ ಬಂದಿದ್ದವು. ಆದರೂ ಆ ಒಂದು ಪೀರಿಯಡ್ಡನ್ನು ಅವಳು ಬಿಟ್ಟಿರಲಿಲ್ಲ. ಮಕ್ಕಳು ಮನೆಯಿಂದ ಒಂದೊಂದು ಪದ ತರಬೇಕು. ಅದು ಎಲ್ಲಿಂದ ಬಂತು, ಅದರ ನೆಂಟರು ಯಾರು ಎಂದು ಟೀಚರ್ ಹೇಳಬೇಕು. ಹೇಳಿದ್ದನ್ನು ರಟ್ಟಿನ ಹೊದಿಕೆಯ ದೊಡ್ಡ ಪುಸ್ತಕದಲ್ಲಿ ಬರೆದಿಡಬೇಕು. ಕಣ್ಣಿನ ನೀರು ಕಣ್ಣೀರಾಯಿತು. ಬೆಳ್ಳಿ, ಬೆಳಕು, ಬೆಳಗು ಮೂವರೂ ಬಿಳಿಯ ಕಡೆಯ ಅಕ್ಕತಂಗಿಯರು. ಚಾವಿ ಹಡಗು ಹತ್ತಿ ಬಂದ ಪರದೇಶಿ.

ಮೂರು ವಾರದ ಹಿಂದೆ ಬಡಗಿಯ ಮಗಳು ಎದ್ದು ನಿಂತಿದ್ದಳು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ತರಗತಿಯೆಲ್ಲ ಲಾಯರಮ್ಮ ಎಂದೇ ಕರೆಯುತ್ತಿತ್ತು.

"ಬಾಗಿಲು ಅನ್ನೋದು ಎಲ್ಲಿಂದ ಬಂತು ಮಿಸ್?"

ಟೀಚರಿಗೆ ಗೊತ್ತಿರಲಿಲ್ಲ. "ಬಾಗಿ ಒಳಗೆ ಹೋಗ್ತೀವಲ್ಲ, ಅದಕ್ಕೇ ಬಾಗಿಲು," ಎಂದುಬಿಟ್ಟಳು. "ಹಿಂದಿನ ಕಾಲದ ಬಾಗಿಲು ಗಿಡ್ಡ. ಬಗ್ಗದಿದ್ರೆ ಹಣೆ ಒಡೀತಿತ್ತು." ಮಕ್ಕಳು ನಕ್ಕರು. ಮಾತು ಪುಸ್ತಕಕ್ಕೆ ಏರಿತು.

ಯಾರನ್ನೂ ಮೋಸ ಮಾಡಬೇಕೆಂದು ಹೇಳಿದ್ದಲ್ಲ. ನಾಲಿಗೆಗೆ ರೂಢಿಯಾಗಿಹೋಗಿತ್ತು. ಮನೆಯಲ್ಲಿ ಬೆಳಿಗ್ಗೆ ಎದ್ದರೆ ಗಂಡನಿಗೆ ಕನ್ನಡಕ ಎಲ್ಲಿ, ಮಗನಿಗೆ ಕಾಲುಚೀಲ ಎಲ್ಲಿ, ಸೊಂಟದ ಮೂಳೆ ಮುರಿದುಕೊಂಡು ಮಲಗಿದ ಅತ್ತೆಗೆ ಡಾಕ್ಟರು ಯಾವತ್ತು ಬರುತ್ತಾರೆ. ಒಲೆಯ ಮುಂದಿನಿಂದ ತಿರುಗದೆಯೇ ಇವಳು ಉತ್ತರ ಕೊಡುತ್ತಿದ್ದಳು: ಮೇಜಿನ ಮೇಲೆ, ಹಗ್ಗದ ಮೇಲೆ, ನಾಳೆ. ಅರ್ಧಕ್ಕರ್ಧ ಊಹೆ. ಗೊತ್ತಿಲ್ಲ ಎಂದರೆ ಎಲ್ಲರೂ ಇವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ನೋಟಕ್ಕಿಂತ ಏನೋ ಒಂದು ಹೇಳಿಬಿಡುವುದೇ ಸುಲಭವಾಗಿತ್ತು. ಅದೇ ದನಿಯಲ್ಲಿ ಬಾಗಿಲಿಗೂ ಉತ್ತರ ಸಿಕ್ಕಿತ್ತು.

ಈ ವಾರ ಮುರಿದ ಬೆಂಚುಗಳ ರಿಪೇರಿಗೆ ಬಡಗಿಯೇ ಶಾಲೆಗೆ ಬಂದಿದ್ದ. ಜಗಲಿಯಲ್ಲಿ ಕೂತು ಕೆಲಸ ಮಾಡುತ್ತಿದ್ದವನು ಗುರುವಾರ ಇವಳನ್ನು ಕಂಡು ಎದ್ದುನಿಂತ.

"ನಮ್ಮ ಹುಡುಗಿ ತಲೆ ತಿನ್ತಾಳಾ ಮೇಡಂ?"

"ಕೇಳ್ತಾಳೆ. ಕೇಳ್ಲಿ ಬಿಡಿ."

"ಮನೇಲಂತೂ ನನ್ನ ಮಾತಿಗೆ ಈಗ ಮೂರು ಕಾಸಿನ ಬೆಲೆ ಇಲ್ಲ," ಎಂದು ನಕ್ಕ. "ಬಾಗಿಲು ಅಂದ್ರೆ ಮನೆಯ ಬಾಯಿ ಅಂತ ನಮ್ಮಪ್ಪ ಹೇಳೋರು. ನಾನು ಮೊದಲನೇ ಸಲ ಚೌಕಟ್ಟು ನಿಲ್ಲಿಸೋವಾಗ, 'ಮನೆಗೆ ಬಾಯಿ ಇಡ್ತಿದೀಯ ಮಗಾ, ಸೊಟ್ಟ ಇಟ್ರೆ ಮನೆಯವರು ಸಾಯೋತನಕ ಬೈತಾರೆ' ಅಂದಿದ್ರು. ಅದನ್ನ ಹೇಳಿದ್ರೆ ಇವಳು ನೆಂಟರೆದುರಿಗೇ, 'ತಾತನಿಗೆ ಸಹಿ ಹಾಕೋಕೂ ಬರ್ತಿರಲಿಲ್ಲ, ಅವರಿಗೇನು ಗೊತ್ತು? ನಮ್ಮ ಮಿಸ್ ಬೇರೆ ಹೇಳಿದಾರೆ' ಅಂದಳು."

"ನೀವೇನಂದ್ರಿ?"

"ಏನನ್ನಲಿ? ಓದಿದವರು ನೀವು. ಅಪ್ಪನೇ ತಪ್ಪು ತಿಳ್ಕೊಂಡಿದ್ರೇನೋ ಅಂತ ಸುಮ್ಮನಾದೆ."

ಟೀಚರ್ ಸ್ಟಾಫ್ ರೂಮಿಗೆ ಹೋಗಿ, ವರ್ಷಗಳಿಂದ ಯಾರೂ ಮುಟ್ಟದ ದಪ್ಪ ನಿಘಂಟನ್ನು ಇಳಿಸಿದಳು. ಬಾಯಿ, ಮತ್ತೆ ಇಲ್. ಇಲ್ ಎಂದರೆ ಮನೆ, ಬಹಳ ಹಳೆಯ ಮಾತು. ಸಹಿ ಬರದ ಮುದುಕ ಸರಿಯಾಗಿಯೇ ಹೇಳಿದ್ದ. ಅವನು ಬಿಟ್ಟುಹೋದ ಆ ಒಂದು ಮಾತನ್ನು ಇವಳು ಅರ್ಧ ನಿಮಿಷದಲ್ಲಿ ಆ ಮನೆಯಿಂದ ಆಚೆ ಹಾಕಿದ್ದಳು.

ಅವಳಿಂದ ಇದನ್ನೆಲ್ಲ ಕೇಳಿದ ಲೆಕ್ಕದ ಮೇಷ್ಟ್ರು ಚಹಾ ಆರಿಸಿಕೊಳ್ಳುತ್ತ ಹೇಳಿದರು: "ಒಂದು ಪದ ತಾನೆ ಮೇಡಂ. ಮೂವತ್ತು ವರ್ಷದಲ್ಲಿ ನಾನೆಷ್ಟು ತಪ್ಪು ಹೇಳಿದೀನೋ ದೇವರಿಗೇ ಗೊತ್ತು. ಅವನೂ ಸುಮ್ಮನಿದಾನೆ, ನೀವೂ ಸುಮ್ಮನಿರಿ."

ಸುಮ್ಮನಿರಬಹುದಿತ್ತು. ಸುಮ್ಮನಿರುವಷ್ಟು ದಣಿವೂ ಇತ್ತು. ಆದರೆ ಮರುದಿನ ನಿಘಂಟನ್ನು ತರಗತಿಗೇ ಹೊತ್ತು ತಂದಳು; ಹಾಜರಿ ಮುಗಿಸಿದವಳೇ ಮೇಜನ್ನು ಹಿಡಿದು ನಿಂತಳು.

"ಬಾಗಿಲಿನ ಬಗ್ಗೆ ನಾನು ಹೇಳಿದ್ದು ಸುಳ್ಳು. ಗೊತ್ತಿರಲಿಲ್ಲ, ಕಟ್ಟಿ ಹೇಳಿದೆ."

"ಯಾಕೆ ಮಿಸ್?" ಲಾಯರಮ್ಮ ಕೇಳಿದಳು.

"ಸುಸ್ತಾಗಿತ್ತು."

"ನಮಗೆ ಸುಸ್ತಾದ್ರೆ ನೀವು ಒಪ್ಪಲ್ಲ," ಎಂದಿತು ಹಿಂದಿನ ಬೆಂಚಿನ ಒಂದು ದನಿ. ಎಲ್ಲ ನಕ್ಕರು. ಲಾಯರಮ್ಮ ನಗಲಿಲ್ಲ.

"ನಾನು ಅಪ್ಪನಿಗೆ ಎಲ್ಲರೆದುರಿಗೆ ಅಂದಿದೀನಿ ಮಿಸ್."

"ಗೊತ್ತು."

"ನೀವೂ ಎಲ್ಲರೆದುರಿಗೇ ಹೇಳ್ಬೇಕು."

ನ್ಯಾಯವೇ. ಟೀಚರ್ ಜಗಲಿಗೆ ಹೋಗಿ ಬಡಗಿಯನ್ನು ಕರೆತಂದಳು. ತಲೆಗೂದಲ ತುಂಬ ಮರದ ಪುಡಿ, ಕೈಯಲ್ಲಿ ಉಳಿ. ಎಪ್ಪತ್ತು ಮಕ್ಕಳ ಕಣ್ಣೆದುರು ಆ ಉಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ನಿಮ್ಮ ತಂದೆ ಹೇಳಿದ್ದೇ ಸರಿ. ನಾನು ಹೇಳಿದ್ದು ಸುಳ್ಳು."

"ಬಿಡಿ ಮೇಡಂ, ಅದೇನು ಮಹಾ," ಎಂದ. ಸ್ವಲ್ಪ ತಡೆದು ಕೇಳಿದ: "ಪುಸ್ತಕದಲ್ಲಿದೆಯಾ?"

"ಇದೆ, ನಿಘಂಟಿನಲ್ಲೇ ಇದೆ."

"ಅಪ್ಪ ಹೇಳಿದ ಹಾಗೇನಾ?"

"ಹಾಗೇ."

ಎರಡು ಸಲ ತಲೆಯಾಡಿಸಿ ಹೊರಗೆ ಹೋದ.

ಟೀಚರ್ ತಿರುಗಿ ನೋಡಿದರೆ ಲಾಯರಮ್ಮ ದೊಡ್ಡ ಪುಸ್ತಕ ಬಿಡಿಸಿಕೊಂಡು ಪ್ರತಿ ಪದದ ಪಕ್ಕದಲ್ಲೂ ಪೆನ್ಸಿಲಿನಿಂದ ಒಂದೊಂದು ಪ್ರಶ್ನೆಯ ಗುರುತು ಹಾಕುತ್ತಿದ್ದಳು.

"ಎಲ್ಲದಕ್ಕೂ ಯಾಕೆ?"

"ಇನ್ನು ಯಾವ್ಯಾವುದು ಕಟ್ಟಿದ್ದೋ ಮಿಸ್."

ಆ ಪುಸ್ತಕದಲ್ಲಿ ತಾನು ಓದಿ ಹೇಳಿದ್ದೆಷ್ಟು, ಯಾರೋ ಹೇಳಿದ್ದನ್ನು ಕೇಳಿ ಹೇಳಿದ್ದೆಷ್ಟು ಎಂದು ಅವಳಿಗೇ ಈಗ ಖಾತ್ರಿಯಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಈ ತರಗತಿಯಲ್ಲಿ ಅವಳು ಕೂತದ್ದೇ ಅಪರೂಪ.

"ಮೊದಲನೇದು ಓದು."

"ಕಣ್ಣೀರು."

"ಅದು ನಿಜ."

"ಬೆಳ್ಳಿ?"

"ನಿಜ ಅಂದ್ಕೊಂಡಿದೀನಿ. ನೋಡ್ಬೇಕು."

"ಕಿಟಕಿ?"

ಟೀಚರ್ ಉತ್ತರಕ್ಕಾಗಿ ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು. ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟಳು.

"ಗೊತ್ತಿಲ್ಲ," ಎಂದಳು, ನಿಘಂಟನ್ನು ಹುಡುಗಿಯ ಕಡೆ ತಳ್ಳುತ್ತ. "ಭಾರ ಇದೆ, ಎರಡೂ ಕೈಯಲ್ಲಿ ಹಿಡ್ಕೋ."