ತೊರೆಯ ಬದಿಯ ಹಳದಿ ಚುಕ್ಕೆಗಳು

ಇದ್ದಿದ್ದರೆ ಕಾಣುತ್ತಿತ್ತು ಎಂದು ಹೇಗೆ ಹೇಳುವುದು? ಕಳೆದ ಆಗಸ್ಟಿನ ವರದಿಯಲ್ಲಿ 'ಈ ಕಮರಿಯಲ್ಲಿ ಅಪರೂಪದ ಕಲ್ಲುಹೂವು ಯಾವುದೂ ಇಲ್ಲ' ಎಂದು ಬರೆದವನು ತಾನೇ. ಆ ಮಾತನ್ನು ನಂಬಿ ಸೋಮವಾರ ಮರ ಕಡಿಯುವ ಯಂತ್ರ ಬರಲಿದೆ.

ಕಾಡಿನ ಸಮೀಕ್ಷೆ ಮಾಡುವ ಐವಿಂದ್ ಒದ್ದೆ ಪಾಚಿಯ ಮೇಲೆ ಹೆಜ್ಜೆಯೂರುತ್ತ ಇಳಿದ. ನಾಮ್ಸೆನ್ ನದಿಯ ಆ ಸೀಮೆಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅವನ ಹಿಂದೆ ಆ ಕಾಡಿನ ಒಡತಿ ಗುನ್ವೋರ್. ಎಪ್ಪತ್ತು ದಾಟಿದ್ದರೂ ಅವಳ ರಬ್ಬರ್ ಬೂಟು ಒಮ್ಮೆಯೂ ಜಾರಲಿಲ್ಲ.

"ಮರಕ್ಕೆ ಮುತ್ತು ಕೊಡೋಕೆ ಇಷ್ಟು ದೂರ ಬರಬೇಕಾ ಮಾರಾಯ? ನಮ್ಮನೆ ಹಿಂದೇನೇ ಸ್ಪ್ರೂಸ್ ಮರ ಇದೆಯಲ್ಲ."

"ಅದು ನೀವು ನೆಟ್ಟಿದ್ದು ಗುನ್ವೋರ್. ಈ ಕಲ್ಲುಹೂವಿಗೆ ಹಳೇ ಮರಾನೇ ಬೇಕು."

"ಹಾಗಾದ್ರೆ ನನ್ನ ಮೇಲೂ ಬೆಳೆದಿರತ್ತೆ, ನೋಡು."

ತೊರೆಯ ಸದ್ದು ಹತ್ತಿರವಾಯಿತು. ಅವನು ಕೆಳಗಿನ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಮೂಗು ತಾಗುವಷ್ಟು ಹತ್ತಿರದಿಂದ ಭೂತಗನ್ನಡಿಯಲ್ಲಿ ನೋಡಿದ. ಹದಿನಾಲ್ಕು ಮರ. ಏನೂ ಇಲ್ಲ. ಬರೆದದ್ದೇ ನಿಜವಾಯಿತಲ್ಲ ಎಂದು ಮನಸ್ಸು ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ನಾಚಿಕೆಯಾಯಿತು.

"ಏಯ್, ಇಲ್ಲಿ ಯಾರೋ ಹಳದಿ ಸಾಸಿವೆ ಚೆಲ್ಲಿದಾರೆ ನೋಡು."

ಗುನ್ವೋರ್ ನೀರಿನ ಮೇಲೆ ಬಾಗಿದ್ದ ಕೊಂಬೆಯೊಂದನ್ನು ಹಿಡಿದುಕೊಂಡಿದ್ದಳು. ಅದರ ಮೇಲೆ ಎಲೆಯಂತೆ ಹರಡಿದ ಕಂದು ಕಲ್ಲುಹೂವು, ಅಂಚಿನುದ್ದಕ್ಕೂ ಹಳದಿ ಚುಕ್ಕೆ. ಐವಿಂದ್ ಭೂತಗನ್ನಡಿ ಹಿಡಿದು ನೋಡಿದ: ಇಲ್ಲ ಎಂದು ಬರೆದಿದ್ದ ಅದೇ ಅಪರೂಪದ ಜಾತಿ.

"ಕೀಳಲ್ವಾ?"

"ಒಂದೇ ಇದ್ರೆ ಮುಟ್ಟೋ ಹಾಗಿಲ್ಲ. ಇನ್ನೂ ಇದೆಯಾ ನೋಡ್ಬೇಕು."

ಇಬ್ಬರೂ ಹುಡುಕಿದರು. ಒಟ್ಟು ಆರು ಸಿಕ್ಕವು. ಅದರಲ್ಲಿ ಮೂರು ಮರಿಗಳು, ಉಗುರಿಗಿಂತ ಚಿಕ್ಕವು. ಇಲ್ಲಿ ಅದು ಉಳಿದಿರುವುದಷ್ಟೇ ಅಲ್ಲ, ಹಬ್ಬುತ್ತಿದೆ. ಅವನು ದೊಡ್ಡದರಿಂದ ಚೂರು ಕತ್ತರಿಸಿ ಕಾಗದದ ಪೊಟ್ಟಣಕ್ಕೆ ಹಾಕಿದ. ಮೇಲೆ ಜಾಗ, ಮರ, ಎತ್ತರ, ತಾರೀಖು ಬರೆದ.

"ಇವತ್ತೇ ವರದಿ ತಿದ್ದಿ ಕಳಿಸ್ತೀನಿ. ಇಲ್ಲಿ ಕಡಿಯೋ ಹಾಗಿಲ್ಲ."

"ಈ ಮರ ಮಾರಿ ನನ್ನ ಕೊಟ್ಟಿಗೆಗೆ ಹೊಸ ಮಾಡು ಹಾಕಿಸ್ಬೇಕಿತ್ತಲ್ಲ?"

ಗುನ್ವೋರ್ ಆ ಮರಿಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು.

"ಮಾಡಿಗೆ ಮೇಲಿನ ಇಳಿಜಾರಿನ ಮರ ಸಾಕು ಬಿಡು. ಯಂತ್ರದವನಿಗೆ ನಾನೇ ಫೋನ್ ಮಾಡ್ತೀನಿ."

ಕಂದು ಚೀಸ್ ಇಟ್ಟ ವಾಫಲ್ ದೋಸೆ ಮುರಿದು ಅರ್ಧ ಅವನ ಕೈಗಿಟ್ಟಳು.

"ಮುಖ ಯಾಕೆ ಹಾಗಿದೆ? ಹೋದ ಸಲ ಬಿಸಿಲಿತ್ತು. ಒಣಗಿ ಮುದುಡಿದ್ದು ಯಾರ ಕಣ್ಣಿಗೆ ಕಾಣತ್ತೆ? ನಿನ್ನ ತಪ್ಪೇನಿಲ್ಲ."

ಹೋದ ಸಲ ತಾನು ಅರ್ಧ ದಾರಿಯಿಂದಲೇ ಹಿಂತಿರುಗಿದ್ದೆ, ತೊರೆಯವರೆಗೆ ಇಳಿದೇ ಇರಲಿಲ್ಲ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.