ನುಣುಪು ಬಾಟಲಿ

ಮಂಗಳವಾರ ಬೆಳಗ್ಗೆ ಚಹಾ ಸೋಸುತ್ತಿದ್ದಾಗ ರೇಡಿಯೋದಲ್ಲಿ ನನ್ನ ತಂಗಿ ಹೆಸ್ಟರ್ ತೀರಿಕೊಂಡ ಸುದ್ದಿ ಬಂತು. ಆಸ್ಪತ್ರೆಯವರು ನನಗೆ ಅರ್ಧ ಗಂಟೆ ಮೊದಲೇ ತಿಳಿಸಿದ್ದರು. ರೇಡಿಯೋದವರು ಮೂವತ್ತೊಂದು ರೋಚಕ ಕಾದಂಬರಿ ಬರೆದವರು, ಔಷಧಿ ಅಂಗಡಿಯವರ ಮಗಳು ಎಂದರು, ಅಲ್ಲಿಗೇ ಬಿಟ್ಟರು.

ಸಫಕ್ ಸೀಮೆಯ ನಮ್ಮ ಪೇಟೆಯಲ್ಲಿ ಅಪ್ಪನ ಅಂಗಡಿಯಿತ್ತು. ವಿಷದ ಔಷಧಿಗೆ ಮೈಯೆಲ್ಲ ಉಬ್ಬುಗೆರೆಗಳಿರುವ ಹಸಿರು ಬಾಟಲಿ, ಕುಡಿಯುವುದಕ್ಕೆ ನುಣುಪಾದದ್ದು. ಕತ್ತಲಲ್ಲೂ ಕೈಗೆ ತಿಳಿಯಬೇಕೆಂಬ ಕಟ್ಟಳೆ. 1951ರ ಚಳಿಗಾಲದಲ್ಲಿ ಊರಿಗೆಲ್ಲ ಜ್ವರ. ಹಸಿರು ಬಾಟಲಿಗಳು ಮುಗಿದವು. ಹದಿನೈದರ ಹೆಸ್ಟರ್, ಮೈಗೆ ತಿಕ್ಕುವ ವಿಷದೆಣ್ಣೆಯನ್ನು ನುಣುಪು ಬಾಟಲಿಗೆ ಸುರಿದಳು. ಚೀಟಿ ಅಂಟಿಸುವ ಮೊದಲೇ ಯಾರೋ ಕರೆದರೆಂದು ಎದ್ದುಹೋದಳು. ಕೈಗೆ ನುಣುಪು ತಾಗಿದ್ದನ್ನು ನಂಬಿ ಅಪ್ಪ ಕೆಮ್ಮಿನ ಔಷಧಿಯ ಚೀಟಿ ಅಂಟಿಸಿ ಕೊಟ್ಟರು. ಅದನ್ನು ಕುಡಿದು ಕ್ಯಾಚ್‌ಪೋಲ್ ಮನೆಯ ಹೆಂಗಸು ಸತ್ತಳು.

ವಿಚಾರಣೆಯಲ್ಲಿ ಅಪ್ಪ, "ತುಂಬಿದವನು ನಾನೇ" ಎಂದರು. ನಿಜ ಗೊತ್ತಿದ್ದದ್ದು ಅವರಿಗೆ, ಹೆಸ್ಟರಳಿಗೆ, ನನಗೆ ಮಾತ್ರ. ಅಂಗಡಿ ಮುಚ್ಚಿತು. ಎರಡು ವರ್ಷದಲ್ಲಿ ಅವರೂ ಹೋದರು. ಹೆಸ್ಟರಳ ಪ್ರತಿ ಕಾದಂಬರಿಯಲ್ಲೂ ಒಬ್ಬ ಔಷಧಿ ಅಂಗಡಿಯವನಿರುತ್ತಾನೆ. ಎಲ್ಲರ ಗುಮಾನಿ ಅವನ ಮೇಲೆ. ಕೊನೆಗೆ ಅವನು ನಿರ್ದೋಷಿ. ಓದುಗರು ಅದನ್ನು ತಮಾಷೆ ಮಾಡುತ್ತಿದ್ದರು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಅವಳು, "ಅಣ್ಣ, ನನ್ನ ಗುಂಡಿ ತೋಡೋಕೆ ವಿಲ್ಫ್ ತಾನೇ ಬರೋದು? ಅವನಿಗೆ ಆ ಬಾಟ್ಲಿ ವಿಷಯ ಹೇಳಿಬಿಡು" ಎಂದಳು.

"ನೀನೇ ಹೇಳಬಹುದಿತ್ತಲ್ಲ."

"ಮೂವತ್ತೊಂದು ಸಲ ಪ್ರಯತ್ನಪಟ್ಟೆ. ಮಾತು ಕೊಡು."

ಕೊಟ್ಟೆ.

ವಿಲ್ಫ್ ಸತ್ತ ಆ ಹೆಂಗಸಿನ ಮಗ. ನಮ್ಮ ಚರ್ಚಿನಲ್ಲಿ ಗುಂಡಿ ತೋಡುವವನು. ಗುರುವಾರ ಅವನು ಸೊಂಟದಷ್ಟು ಆಳ ಇಳಿದಿದ್ದಾಗ ಹೋದೆ.

"ಏನ್ ಮೇಷ್ಟ್ರೇ, ಅಳತೆ ನೋಡೋಕೆ ಬಂದ್ರಾ? ನಿಮ್ಮನೆಯೋರು ಬಾಟ್ಲಿ ತುಂಬೋದು, ನಾವು ಗುಂಡಿ ತುಂಬೋದು. ಹಳೇ ಪದ್ಧತಿ."

"ಆ ಬಾಟ್ಲಿ ತುಂಬಿದ್ದು ಅಪ್ಪ ಅಲ್ಲ, ವಿಲ್ಫ್. ಹೆಸ್ಟರ್."

ನಡೆದದ್ದನ್ನೆಲ್ಲ ಹೇಳಿದೆ. ಅವನು ಸನಿಕೆಗೆ ಒರಗಿ ನಿಂತ.

"ನಿಮ್ಮಪ್ಪ ಆಮೇಲೆ ಪ್ರತಿ ಭಾನುವಾರ ನಮ್ಮ ಬಾಗಿಲಿಗೆ ಬರೋರು. ನಾನು ನಾಯಿ ಛೂ ಬಿಡ್ತಿದ್ದೆ. ಆ ಮನುಷ್ಯ ತುಟಿ ಬಿಚ್ಚಲಿಲ್ಲ." ನನ್ನತ್ತ ತಿರುಗಿ ಕೇಳಿದ: "ನಿಮಗೂ ಬಾಯಿತ್ತಲ್ಲ ಮೇಷ್ಟ್ರೇ?"

"ಇತ್ತು."

"ತೋಡೋದು ಮುಗಿಸ್ತೀನಿ. ನಾಳೆ ಮುಚ್ಚೋಕೆ ಬೇರೆ ಯಾರನ್ನಾದ್ರೂ ಕರ್ಕೊಳಿ."

ಪಕ್ಕದಲ್ಲೇ ಅಪ್ಪನ ಕಲ್ಲು. ಅದರ ಮೇಲೆ ಚೆಲ್ಲಿದ್ದ ಮಣ್ಣನ್ನು ವಿಲ್ಫ್ ಅಂಗಿಯ ತೋಳಿನಿಂದ ಒರೆಸಿದ. ಹೆಸರಿನ ಅಕ್ಷರಗಳ ಸಂದಿಯಲ್ಲಿದ್ದುದನ್ನು ಉಗುರಿನಿಂದ ತೆಗೆದ. ಮತ್ತೆ ತೋಡತೊಡಗಿದ.

ಮರುದಿನ ಗುಂಡಿ ಮುಚ್ಚಲು ಪಕ್ಕದೂರಿನವರು ಬಂದರು. ವಿಲ್ಫ್ ಗೋಡೆಯಾಚೆ ಟೊಪ್ಪಿ ತೆಗೆದು ನಿಂತಿದ್ದ.

ಕರ್ತನೇ, ಹೆಸ್ಟರ್ ತಾನೇ ಹೇಳಲಾರದ್ದನ್ನು ನನ್ನ ಬಾಯಿಂದ ಹೇಳಿಸಿದ್ದಾಳೆ. ಅದನ್ನೇ ಅವಳ ಅರಿಕೆಯೆಂದು ಎಣಿಸು. ಕ್ಯಾಚ್‌ಪೋಲ್ ತಾಯಿಯ ಎದುರು, ಅಪ್ಪನ ಪಕ್ಕದಲ್ಲಿ, ಅವಳು ತಲೆಯೆತ್ತಿ ಕೂರುವಂತೆ ಮಾಡು. ಅವಳಿಗೆ ನಿನ್ನ ಶಾಂತಿಯನ್ನು ಕೊಡು. ಆಮೆನ್.